ಇನ್ನೂ ಆಗದ ಮದುವೆಗಳ ಲೆಕ್ಕ

ಹೊಸಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಹೆಂಗಸರನ್ನು ಮದುವೆಯಾದ ವಯಸ್ಸೆಷ್ಟೆಂದು ಕೇಳಿದರೆ ಅಂಕಿ ಬರುತ್ತಿರಲಿಲ್ಲ. ‘ಕೆರೆ ಕೋಡಿ ಬಿದ್ದ ವರ್ಷ’ ಎಂಬಂಥ ಉತ್ತರ ಬರುತ್ತಿತ್ತು. ಇದನ್ನು ಅಜ್ಞಾನವೆನ್ನಲು ನಾನು ಒಪ್ಪಲಾರೆ. ಒಂದು ಘಟನೆಯನ್ನು ಇನ್ನೊಂದರಿಂದ ಅಳೆಯುವುದೂ ಕಾಲಗಣನೆಯೇ. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876-78ರ ಕ್ಷಾಮ, ಜನರ ನೆನಪಿನಲ್ಲಿ ಉಳಿದದ್ದು ಹಾಗೆಯೇ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆದರೆ ರಾಜ್ಯಕ್ಕೆ ಅಂಕಿಯೇ ಬೇಕು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರ ಕಾಯಿದೆಯಿಂದ ನಿಷೇಧಿಸಿತು. ಇಂಥ ಕಾಯಿದೆಯಿಂದ ಮದುವೆ ನಿಜವಾಗಿ ತಡವಾಯಿತೆ? ಮದುವೆಯಾದವರ ವಯಸ್ಸುಗಳನ್ನು ಕೂಡಿ ಸರಾಸರಿ ತೆಗೆದರೆ ಸಾಲದೆ, ಎನಿಸಬಹುದು. ಸಾಲದು.

ಐವರು ಹೆಣ್ಣುಮಕ್ಕಳಿದ್ದಾರೆನ್ನೋಣ. ಮೂವರಿಗೆ 14, 16, 18ರಲ್ಲಿ ಮದುವೆಯಾಗಿದೆ. ಇಬ್ಬರಿಗೆ ಆಗಿಲ್ಲ, ಒಬ್ಬಳಿಗೆ ಈಗ 15, ಇನ್ನೊಬ್ಬಳಿಗೆ 20. ಮದುವೆಯಾದವರ ಸರಾಸರಿ 16. ಈ ಲೆಕ್ಕದಲ್ಲಿ ಉಳಿದಿಬ್ಬರು ಹುಟ್ಟಿಯೇ ಇಲ್ಲವೆಂಬಂತಾಯಿತು! ವಯಸ್ಸನ್ನು ಮೆಟ್ಟಿಲುಗಳೆಂದು ಎಣಿಸಿ ನೋಡಿ. 14ರಲ್ಲಿ ಐವರೂ ಇದ್ದಾರೆ. ಒಬ್ಬಳ ಮದುವೆಯಾಗಿ ಐದರಲ್ಲಿ ನಾಲ್ಕು ಪಾಲು ಉಳಿಯಿತು. 16ಕ್ಕೆ 15ರ ಹುಡುಗಿ ಇನ್ನೂ ಬಂದಿಲ್ಲ. ಇರುವ ಮೂವರಲ್ಲಿ ಇಬ್ಬರು ಉಳಿದರು. 18ರಲ್ಲಿ ಇಬ್ಬರಲ್ಲಿ ಒಬ್ಬಳು. ಈ ಪಾಲುಗಳನ್ನು ಗುಣಿಸುತ್ತ ಹೋದರೆ, ಅರ್ಧಕ್ಕಿಂತ ಹೆಚ್ಚು ಮದುವೆಗಳು ಮುಗಿಯುವುದು 18ರಲ್ಲಿ, 16ರಲ್ಲಲ್ಲ. ಕಾಯುತ್ತಿರುವವಳೂ ತಾನು ತಲಪಿದ ಮೆಟ್ಟಿಲವರೆಗೆ ಸಾಕ್ಷಿ ನುಡಿಯುತ್ತಾಳೆ.

ಇದರ ಬೇರು ಸಾವಿನ ಲೆಕ್ಕದಲ್ಲಿದೆ. ಧೂಮಕೇತುವಿನಿಂದ ಹೆಸರಾದ ಹ್ಯಾಲಿ 1693ರಲ್ಲಿ ಬ್ರೆಸ್ಲೌ ನಗರದ ಮರಣ ದಾಖಲೆಗಳಿಂದ ಆಯುಷ್ಯದ ಕೋಷ್ಟಕ ಕಟ್ಟಿದ. ಅವಿವಾಹಿತರ ಪ್ರಮಾಣದಿಂದಲೇ ಮದುವೆಯ ವಯಸ್ಸನ್ನು ಅಂದಾಜು ಮಾಡುವ ದಾರಿಯನ್ನು ಹಾಜ್ನಲ್ 1953ರಲ್ಲಿ ತೋರಿಸಿದರು. ಮೇಲಿನ ಗುಣಾಕಾರ 1958ರ ಕಾಪ್ಲನ್ ಮತ್ತು ಮೇಯರ್ ಅವರದು. 1972ರಲ್ಲಿ ಇಂಗ್ಲೆಂಡಿನ ಕಾಕ್ಸ್, ಓದು, ಆಸ್ತಿ ಮುಂತಾದ ಕಾರಣಗಳು ಘಟನೆಯನ್ನು ಎಷ್ಟು ಮುಂದೂಡುತ್ತವೆ ಅಥವಾ ಹತ್ತಿರ ತರುತ್ತವೆ ಎಂದು ಅಳೆಯಲು ಅನುವಾಗುವ ಸೂತ್ರ ಕೊಟ್ಟರು. ಸಮಾಜಶಾಸ್ತ್ರಜ್ಞರು ಅದನ್ನು ಬಹುಬೇಗ ತಮ್ಮದಾಗಿಸಿಕೊಂಡರು.

ಸೂತ್ರ ಎಷ್ಟು ಸೂಕ್ಷ್ಮವಾದರೂ ಉತ್ತರ ಕೊಡಬೇಕಾದವರು ನಮ್ಮ ಹಳ್ಳಿಯವರೇ. ಭಾರತ ಸರ್ಕಾರವೂ ವಿಶ್ವಸಂಸ್ಥೆಯೂ ಕೂಡಿ 1951-52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ಇಂಥ ಎಣಿಕೆಗಳಲ್ಲಿ ವಯಸ್ಸುಗಳು ಸೊನ್ನೆ, ಐದರಲ್ಲಿ ಕೊನೆಗೊಳ್ಳುವ ಅಂಕಿಗಳ ಮೇಲೆ ಗುಂಪುಗೂಡುವುದು ಹಳೆಯ ಕಥೆ. ಮೂವತ್ತು ಎಂದವಳಿಗೆ ಇಪ್ಪತ್ತೆಂಟೂ ಇರಬಹುದು, ಮೂವತ್ತಮೂರೂ ಇರಬಹುದು.

ಆಸ್ಟ್ರೇಲಿಯದ ಕಾಲ್ಡ್‌ವೆಲ್ ದಂಪತಿಗಳು ಬೆಂಗಳೂರಿನ ಪಿ. ಎಚ್. ರೆಡ್ಡಿಯವರೊಡನೆ ಕರ್ನಾಟಕದ ಹಳ್ಳಿಗಳಲ್ಲಿ ನೆಲೆನಿಂತು ವಿಚಾರಿಸಿ, 1983ರಲ್ಲಿ ಮದುವೆಯ ಬದಲಾವಣೆಯ ಕಾರಣಗಳನ್ನು ಬರೆದರು. ತೆರ ಹೋಗಿ ವರದಕ್ಷಿಣೆ ಬಂದದ್ದು ಅಲ್ಲಿ ದೊಡ್ಡ ಮಾತು. ಹುಡುಗಿಗೆ ಹದಿನೆಂಟಾದರೂ ಮದುವೆಯಾಗದಿದ್ದರೆ ಅವಳು ಶಾಲೆಯಲ್ಲಿದ್ದಾಳೋ, ತಂದೆ ಹಣ ಹೊಂದಿಸುತ್ತಿದ್ದಾನೋ? ಕೋಷ್ಟಕದಲ್ಲಿ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತಾರೆ.