ಆಯಿಯ ಹಲ್ಲು, ಸಿಲೋನಿನ ಲೆಕ್ಕ

ನೆಲೋಗಿ ಅಂದ್ರೆ ಧರಂಸಿಂಗ್ ಅವರ ಊರಲ್ವಾ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಖುಷಿಯಾಗುತ್ತೆ. ನನಗೆ ಮಾತ್ರ ಜೇವರ್ಗಿ ತಾಲ್ಲೂಕಿನ ಆ ಊರು ಅಂದಕೂಡಲೇ ನೆನಪಾಗೋದು ನಮ್ಮ ಆಯಿಯ ಬೊಚ್ಚುಬಾಯಿ. ಐವತ್ತು ದಾಟುವಷ್ಟರಲ್ಲಿ ಅವಳಿಗೆ ಒಂದೂ ಹಲ್ಲಿರಲಿಲ್ಲ. ಖಡಕ್ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ನುಂಗ್ತಿದ್ದಳು. ಕೇಳಿದರೆ, "ವಯಸ್ಸಾತಲ್ಲೋ ತಮ್ಮಾ, ಹಲ್ಲು ಹೋಗದೆ ಏನ್ ಮಾಡ್ತಾವ?"

ಬಿದ್ದ ಹಲ್ಲುಗಳಲ್ಲಿ ಹುಳುಕೇ ಇರಲಿಲ್ಲವಂತೆ. ಮೊದಲು ವಸಡಲ್ಲಿ ರಕ್ತ, ಆಮೇಲೆ ಕೀವು, ಆಮೇಲೆ ಅಳ್ಳಾಟ. ಸುಶ್ರುತ ಸಂಹಿತೆ ಇಂಥದ್ದನ್ನು 'ದಂತವೇಷ್ಟ' ಎಂದು ಕರೆದಿದೆ. ಇವತ್ತಿನ ಡಾಕ್ಟರು ಪೆರಿಯೋಡಾಂಟೈಟಿಸ್ ಅಂತಾರೆ.

ವಯಸ್ಸಿನ ಈ ವಾದವನ್ನು ಲೆಕ್ಕ ಹಾಕಿ ನೋಡಿದವರು ನಾರ್ವೆಯ ಹರಾಲ್ಡ್ ಲೋ. 1970ರಲ್ಲಿ, ಶ್ರೀಲಂಕಾ ಇನ್ನೂ ಸಿಲೋನ್ ಆಗಿದ್ದಾಗ, ಅವರ ತಂಡ 480 ಚಹಾ ತೋಟದ ಕಾರ್ಮಿಕರ ಬಾಯಿ ನೋಡಲು ಶುರುಮಾಡಿತು. ಹಲ್ಲುಜ್ಜುವ ಅಭ್ಯಾಸವೇ ಇಲ್ಲದವರು, ದಂತವೈದ್ಯರನ್ನು ಕಾಣದವರು. ಹದಿನೈದು ವರ್ಷದ ನಂತರದ ಲೆಕ್ಕ: ಶೇ. 8 ಮಂದಿಗೆ ರೋಗ ಓಡೋಡಿ ಬಂದಿತ್ತು, ನಲವತ್ತೈದಕ್ಕೆ ಬಾಯಿ ಖಾಲಿ. ಶೇ. 81 ಮಂದಿಗೆ ನಿಧಾನವಾಗಿ. ಉಳಿದ ಶೇ. 11 ಮಂದಿಗೆ ವಸಡು ಊದಿದ್ದರೂ ರೋಗ ಮುಂದಕ್ಕೆ ಹೋಗಲೇ ಇಲ್ಲ! ಅಂದರೆ ಒಂದೇ ವಯಸ್ಸು, ಒಂದೇ ಕೊಳೆ, ಮೂರು ಹಣೆಬರಹ. (ಇಷ್ಟು ವರ್ಷ ನೋಡುತ್ತಾ ಕೂತದ್ದು ಸರಿಯೇ ಅನ್ನೋ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.)

ಇದೇ ಲೋ 1965ರಲ್ಲಿ ಹನ್ನೆರಡು ಜನರಿಗೆ ಹಲ್ಲುಜ್ಜೋದು ನಿಲ್ಲಿಸಲು ಹೇಳಿದ್ದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಿದಾಗ ಸುಮಾರು ಒಂದು ವಾರದಲ್ಲಿ ಇಳಿಯಿತು. ವಸಡಿನ ಊತ ಹೀಗೆ ವಾಪಸ್ ಹೋಗುತ್ತೆ. ಒಳಗೆ ಮೂಳೆ ಸವೆದರೆ ಅದು ತಾನಾಗಿ ಮರಳೋದಿಲ್ಲ. ಆಗ ವಸಡಿನ ಕೆಳಗೆ, ಬೇರಿನವರೆಗೂ ಗಾರೆ ಕೆರೆದು ತೆಗೀಬೇಕು, ಕೆಲವೊಮ್ಮೆ ವಸಡು ಬಿಡಿಸಿ ಸರ್ಜರಿ.

ಅಮ್ಮನಿಗೆ ಶುಗರ್ ಇದೆ. ಅದು ವಸಡಿನ ರೋಗಕ್ಕೆ ಗೊಬ್ಬರ. ಜೊತೆಗೆ ಬೆಳಗ್ಗೆ ಎದ್ದರೆ ಮಿಶ್ರಿ, ಅಂದ್ರೆ ಸುಟ್ಟ ತಂಬಾಕಿನ ಪುಡಿ, ತಿಕ್ಕಬೇಕು. "ನಂಗ ರಕ್ತ ಬರಂಗಿಲ್ಲಲ್ಲ" ಅಂತ ವಾದಿಸ್ತಿದ್ದಳು. ತಂಬಾಕಿಗೆ ರಕ್ತ ಬರದಂತೆ ರೋಗ ಮುಚ್ಚಿಡುವ ಗುಣ ಇದೆ ಅಂತ ನನಗೂ ಗೊತ್ತಿರಲಿಲ್ಲ.

ಹೋದ ದೀಪಾವಳಿಗೆ ಕಲಬುರಗಿಗೆ ಕರ್ಕೊಂಡು ಹೋದೆ. ಡಾಕ್ಟರು ಗೆರೆಗಳಿರುವ ಸಣ್ಣ ಕಡ್ಡಿಯನ್ನು ಹಲ್ಲು-ವಸಡಿನ ಸಂದಿಗೆ ಇಳಿಸಿ ಅಳೆದರು. ಮೂರು ಮಿಲಿಮೀಟರಿನೊಳಗೆ ಇರಬೇಕಾದದ್ದು ಏಳು ಇತ್ತು. ನಾಲ್ಕು ಸಲ ಬರೋಕೆ ಹೇಳಿದರು, ಮಿಶ್ರಿ ಬಿಡಿಸಿದರು.

ವಾಪಸ್ ಬರುವಾಗ ಬಸ್ಸಲ್ಲಿ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಜೇವರ್ಗಿ ದಾಟಿದ ಮೇಲೆ ಕೇಳಿದಳು: "ಹಂಗಾರ ನಮ್ಮವ್ವಂದು ವಯಸ್ಸಿಂದಲ್ಲೇನು?"