ಜೇನಿನ ರಾಣಿ: ಹುಟ್ಟಿನಿಂದಲ್ಲ, ತುತ್ತಿನಿಂದ

ಹನುಮನಹಳ್ಳಿ ಸುತ್ತಲಿನ ಬೆಟ್ಟಗಳನ್ನು ನಾವು ಕಿಷ್ಕಿಂಧೆ ಎನ್ನುತ್ತೇವೆ. ಸೀತೆಯ ಸುದ್ದಿ ತಂದ ಕಪಿಗಳು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದ ಕಥೆ ನಮಗೆಲ್ಲ ಗೊತ್ತು. ಆದರೆ ಜೇನಿನ ರಾಣಿಯ ಕಥೆ ಜಗತ್ತಿಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಗ್ರೀಸಿನ ಅರಿಸ್ಟಾಟಲ್ ಆ ದೊಡ್ಡ ನೊಣವನ್ನು ‘ರಾಜ’ ಎಂದಿದ್ದ. ಅದು ಮೊಟ್ಟೆ ಇಡುವ ಹೆಣ್ಣು ಎಂದು 1586ರಲ್ಲಿ ಸ್ಪೇನಿನ ಲೂಯಿಸ್ ಮೆಂಡೆಸ್ ಬರೆದ. 1760ರ ದಶಕದಲ್ಲಿ ಜರ್ಮನಿಯ ಪಾದ್ರಿ ಶಿರಾಕ್ ಇನ್ನೊಂದು ಗುಟ್ಟು ಬಿಡಿಸಿದ: ರಾಣಿ ಕಳೆದುಕೊಂಡ ಗುಂಪು, ಕೆಲಸದ ನೊಣವಾಗಬೇಕಿದ್ದ ಎಳೆ ಹುಳುವನ್ನೇ ರಾಣಿಯಾಗಿ ಬೆಳೆಸುತ್ತದೆ.

ಬೀಜ ಒಂದೇ, ಮೇವು ಬೇರೆ. ಮೊದಲ ಮೂರು ದಿನ ಎಲ್ಲ ಹುಳುಗಳಿಗೂ ದಾದಿ ನೊಣಗಳ ತಲೆಯ ಗ್ರಂಥಿಗಳ ರಸವೇ ಊಟ. ಆಮೇಲೆ ಕೆಲಸದ ಹುಳುವಿಗೆ ಜೇನು, ಪರಾಗ ಬೆರೆಸಿ ಅಳೆದು ಕೊಡುತ್ತವೆ. ರಾಣಿಯ ಹುಳುವಿಗೆ ಮಾತ್ರ ಆ ರಸ ಹೊಟ್ಟೆ ತುಂಬ. ಆಗ ಅದರ ಮೈಯಲ್ಲಿ ಜುವೆನೈಲ್ ಹಾರ್ಮೋನ್ ಏರಿ, ಅಂಡಾಶಯ ಪೂರ್ತಿ ಬೆಳೆಯುತ್ತದೆ. 1972ರಲ್ಲಿ ಹಾಲೆಂಡಿನ ಸಂಶೋಧಕರು ಇದೇ ಹಾರ್ಮೋನನ್ನು ಕೆಲಸದ ಹುಳುಗಳಿಗೆ ಕೊಟ್ಟಾಗ ಅವುಗಳಲ್ಲೂ ರಾಣಿಯ ಲಕ್ಷಣ ಮೂಡಿದವು.

ಅಂದರೆ ಗುಂಪಿನ ನಾಳೆ ಇರುವುದು ಎಳೆ ಹುಳುಗಳಲ್ಲಿ. 1991–92ರಲ್ಲಿ ಕರ್ನಾಟಕದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಡಿದಾಗ ಸತ್ತದ್ದು ಇಂಥ ಹುಳುಗಳೇ. ಸಾವಿರಾರು ಪೆಟ್ಟಿಗೆ ಖಾಲಿಯಾದವು. ಹುಟ್ಟು ಕೊಯ್ಯುವಾಗ ಮರಿಯಿರುವ ಭಾಗ ಬಿಟ್ಟು ತುಪ್ಪವಿರುವ ಭಾಗವನ್ನಷ್ಟೇ ತೆಗೆಯೋಣ. ನಮ್ಮ ಸೂರ್ಯಕಾಂತಿ ಚೆನ್ನಾಗಿ ಕಾಳು ಕಟ್ಟಲು ಆ ನೊಣಗಳು ಬೇಕು.