ಗಾಣಗಾಪುರದ ಅಷ್ಟತೀರ್ಥ: ಒಂದು ಹಗಲಿನ ಕ್ಷೇತ್ರದರ್ಶನದ ಇತಿಹಾಸ

ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜನ್ನು ದಾಟಿ ಘತ್ತರಗಿಯ ಮುಂದಕ್ಕೆ ಹರಿಯುವ ಭೀಮಾ ನದಿಗೆ, ಆಳಂದ ಸೀಮೆಯಿಂದ ಇಳಿದು ಬರುವ ಅಮರ್ಜಾ ನದಿಯು ದೇವಲ ಗಾಣಗಾಪುರದ ಬಳಿ ಬಂದು ಸೇರುತ್ತದೆ. ಈ ಸಂಗಮದಿಂದ ಊರಿನವರೆಗೆ ಹರಡಿರುವ ಎಂಟು ಪುಣ್ಯಸ್ಥಳಗಳನ್ನು, ಬಲ್ಲವರೊಬ್ಬರು ಮುಂದೆ ನಡೆದು ಒಂದೊಂದರ ಕಥೆಯನ್ನೂ ಹೇಳುತ್ತಿರಲು, ಯಾತ್ರಿಕರು ಮಿಂದು ನೋಡುತ್ತ ಸಾಗುವ ಪದ್ಧತಿಗೆ ಅಷ್ಟತೀರ್ಥ ಯಾತ್ರೆ ಎಂದು ಹೆಸರು.

ಈ ಪದ್ಧತಿಯ ಮೂಲವು 'ಗುರುಚರಿತ್ರೆ'ಯಲ್ಲಿದೆ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ, 14 ಮತ್ತು 15ನೇ ಶತಮಾನಗಳಲ್ಲಿ ಬಾಳಿದ ನೃಸಿಂಹ ಸರಸ್ವತಿಯವರ ಚರಿತ್ರೆಯನ್ನು ಹೇಳುವ ಈ ಗ್ರಂಥದ ಪ್ರಕಾರ, ದೀಪಾವಳಿಯ ನರಕ ಚತುರ್ದಶಿಯಂದು ಗುರುಗಳು ಶಿಷ್ಯರಿಗೆ ತ್ರಿಸ್ಥಳಿ, ಅಂದರೆ ಪ್ರಯಾಗ, ಕಾಶಿ, ಗಯೆ ಎಂಬ ಮೂರು ಕ್ಷೇತ್ರಗಳ ಸ್ನಾನ ಮಾಡಿ ಬರೋಣವೆಂದರು. ಶಿಷ್ಯರು ದೂರಪ್ರಯಾಣಕ್ಕೆ ಸಿದ್ಧತೆ ಬೇಕೆಂದಾಗ, ಆ ತೀರ್ಥಗಳು ಊರಿನ ಹತ್ತಿರವೇ ಇವೆ ಎಂದು ತಾವೇ ಮುಂದಾಗಿ ಕರೆದೊಯ್ದರು. ಕ್ಷೇತ್ರವನ್ನು ತೋರಿಸುವವನು ಇಲ್ಲಿ ಬಾಡಿಗೆಯ ಸಂಗಾತಿಯಾಗಿರದೆ ಗುರುವೇ ಆಗಿದ್ದನೆಂಬುದು ಈ ಆಚರಣೆಯ ಸ್ವಭಾವವನ್ನೇ ನಿರ್ಧರಿಸಿದೆ.

ಸಂಗಮದಲ್ಲಿರುವ ಷಟ್ಕೂಲ ತೀರ್ಥವು ಪ್ರಯಾಗಕ್ಕೆ ಸಮಾನವೆಂದೂ, ರುದ್ರಪಾದವು ಗಯೆಗೆ ಸಾಟಿಯೆಂದೂ, ಚಕ್ರತೀರ್ಥವು ದ್ವಾರಕೆಗೆ ಸಮವೆಂದೂ ಗ್ರಂಥವು ಹೇಳುತ್ತದೆ. ನೃಸಿಂಹ, ಪಾಪವಿನಾಶಿ, ಕೋಟಿ ಎಂಬ ತೀರ್ಥಗಳು ನಡುವೆ ಬರುತ್ತವೆ. ಗುರುಗಳ ತಂಗಿ ರತ್ನಾಬಾಯಿಯ ಕುಷ್ಠವು ಪಾಪವಿನಾಶಿಯ ಸ್ನಾನದಿಂದ ವಾಸಿಯಾಯಿತೆಂದು ಕಥೆ. ಎಲ್ಲಕ್ಕಿಂತ ಮನಮುಟ್ಟುವುದು ಭಾಗೀರಥಿ ತೀರ್ಥದ ಕಥೆ. ಊರವರು ಹುಚ್ಚನೆಂದು ಬಗೆದ ವಿರಕ್ತನೊಬ್ಬನು, ಕಾಶಿಗೆ ಹೊರಟ ತನ್ನ ಇಬ್ಬರು ಸೋದರರನ್ನು ತಡೆದು, ವಿಶ್ವನಾಥನನ್ನು ಇಲ್ಲಿಯೇ ತೋರಿಸುವೆನೆಂದು ಪ್ರಾರ್ಥಿಸಲು, ಮಣಿಕರ್ಣಿಕೆಯ ಕುಂಡವೂ ವಿಶ್ವನಾಥನ ಮೂರ್ತಿಯೂ ಅಲ್ಲಿ ಕಾಣಿಸಿಕೊಂಡವಂತೆ. ಕಾಶಿಗೆ ಹೋಗಲು ಕಾಲಿನ ಬಲವಾಗಲಿ ಕೈಯಲ್ಲಿ ಕಾಸಾಗಲಿ ಇಲ್ಲದ ಸೀಮೆಯ ಜನರ ಹಂಬಲವೇ ಈ ಕಥೆಯಲ್ಲಿ ಮಾತಾಡುತ್ತಿದೆ ಎಂದು ತೋರುತ್ತದೆ. ಕೊನೆಯದಾದ ಮನ್ಮಥ ತೀರ್ಥದ ಬಳಿ ಕಲ್ಲೇಶ್ವರನ ಗುಡಿಯಿದ್ದು, ಅದು ಗೋಕರ್ಣಕ್ಕೆ ಸಮಾನವೆಂಬ ಎಣಿಕೆಯಿದೆ.

ಗ್ರಂಥಕರ್ತನಾದ ಸರಸ್ವತಿ ಗಂಗಾಧರನು ಗುರುಗಳ ಶಿಷ್ಯನಾಗಿದ್ದ ಸಾಯಂದೇವನ ವಂಶದವನು. ಈ ಮನೆತನವನ್ನು ಪರಂಪರೆಯು ಆಳಂದ ತಾಲ್ಲೂಕಿನ ಕಡಗಂಚಿಯೊಂದಿಗೆ ಜೋಡಿಸುತ್ತದೆ. ಅವನು ಬರೆದದ್ದು ಮರಾಠಿಯ ಓವಿಗಳಲ್ಲಿ, ಅಂದರೆ ಹಾಡಿಕೊಂಡು ಓದಲು ಬರುವ ಪದ್ಯಗಳಲ್ಲಿ. ಆದರೆ ಮರಾಠಿ ತನ್ನ ಭಾಷೆಯಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ, ಸಾಯಂದೇವನು ಗುರುವನ್ನು ಸ್ತುತಿಸುವೆಡೆಯಲ್ಲಿ ಕನ್ನಡದ ಪದಗಳನ್ನೇ ಇರಿಸಿದ್ದಾನೆ. ಮಹಾರಾಷ್ಟ್ರದ ಮನೆಮನೆಗಳಲ್ಲಿ ಪಾರಾಯಣವಾಗುವ ಪೋಥಿಯೊಂದರ ಒಡಲಲ್ಲಿ ಕನ್ನಡದ ಹಾಡು ಉಳಿದುಬಂದಿರುವುದು ಈ ಗಡಿಸೀಮೆಯ ದೊಡ್ಡ ಭಾಗ್ಯ.

ಪುಣ್ಯಸ್ಥಳಗಳನ್ನು ನಡೆದು ನೋಡುವ ಇಂಥದೇ ಬಗೆಯ ದಾರಿಯೊಂದು ದೂರದ ರೋಮಿನಲ್ಲಿಯೂ ರೂಪುಗೊಂಡಿತ್ತು. ಆ ನಗರದ ವಿಸ್ಮಯಗಳನ್ನು ವಿವರಿಸುವ ಲ್ಯಾಟಿನ್ ಕೈಪಿಡಿಯು 12ನೇ ಶತಮಾನದಲ್ಲಿಯೇ ಬಳಕೆಯಲ್ಲಿತ್ತು. 16ನೇ ಶತಮಾನದಲ್ಲಿ ಫಿಲಿಪ್ ನೇರಿ ಎಂಬ ಪಾದ್ರಿಯು ಭಕ್ತರನ್ನು ಕೂಡಿಸಿಕೊಂಡು ಏಳು ಚರ್ಚುಗಳನ್ನು ನಡೆದು ಸುತ್ತುವ ವಾಡಿಕೆಗೆ ಹೊಸ ಚೈತನ್ಯ ತಂದನು. ಅಲ್ಲಿಯ ದಾರಿಯು ಅರಸರೂ ಪೋಪರೂ ಕಟ್ಟಿಸಿದ ಕಟ್ಟಡಗಳನ್ನು ಹೆಣೆಯುತ್ತದೆ. ಗಾಣಗಾಪುರದ ದಾರಿಗೆ ಆಧಾರ ನೀರು, ಅತ್ತಿಮರ ಮತ್ತು ಮಾತು.

ಆ ಮಾತನ್ನು ಕಾಪಾಡಿದವರು ಪೂಜಾರಿ ಮನೆತನಗಳು. ಬಂದವರಿಗೆ ತಮ್ಮ ಮನೆಯಲ್ಲಿಯೇ ಇಳಿದುಕೊಳ್ಳಲು ಎಡೆಮಾಡಿ, ಸಂಗಮದ ಸ್ನಾನ, ಊರಿನ ಮಠದಲ್ಲಿ ಗುರುಗಳ ನಿರ್ಗುಣ ಪಾದುಕೆಗಳ ದರ್ಶನ, ಮಧ್ಯಾಹ್ನ ಐದು ಮನೆಗಳಲ್ಲಿ ಬೇಡುವ ಮಧುಕರಿ ಭಿಕ್ಷೆ, ಇವೆಲ್ಲವನ್ನೂ ಒಂದೇ ಹಗಲಿಗೆ ಹೊಂದಿಸಿಕೊಡುವುದು ಅವರ ಕಸುಬಾಗಿ ಬೆಳೆಯಿತು. ಸೊಲ್ಲಾಪುರದಿಂದ ರಾಯಚೂರಿಗೆ ರೈಲುಹಾದಿಯು 1871ರಲ್ಲಿ ಮುಟ್ಟಿದಾಗ ಮುಂಬಯಿ, ಪುಣೆಗಳ ಭಕ್ತರಿಗೆ ದಾರಿ ಹತ್ತಿರವಾಯಿತು. ಊರಿನಿಂದ ದೂರವಿರುವ ನಿಲ್ದಾಣಕ್ಕೆ 'ರೋಡ್' ಎಂದು ಸೇರಿಸುವ ರೈಲ್ವೆಯ ವಾಡಿಕೆಯಂತೆ ಇಲ್ಲಿಯ ನಿಲ್ದಾಣವು ಗಾಣಗಾಪುರ ರೋಡ್ ಆಯಿತು. ಈಗ ಆಟೋಗಳಲ್ಲಿ ಬೇಗನೆ ಸುತ್ತಿಬರುವುದು ಸುಲಭ, ಆದರೆ ಒಂದು ತೀರ್ಥದಿಂದ ಮತ್ತೊಂದಕ್ಕೆ ನಡೆಯುವಾಗ ಕಥೆಗೆ ದೊರೆಯುತ್ತಿದ್ದ ಬಿಡುವು ಆ ಓಟದಲ್ಲಿ ದೊರೆಯದು.

ಈ ದಾರಿಯ ಮೇಲೆ ಹೊಳೆಯ ಹಿಡಿತವಂತೂ ಇನ್ನೂ ಸಡಿಲವಾಗಿಲ್ಲ. ಮಹಾರಾಷ್ಟ್ರದ ಜಲಾಶಯಗಳು ತುಂಬಿ ಸೊನ್ನದ ಗೇಟುಗಳನ್ನು ಎತ್ತಿದರೆ, 2020ರ ಅಕ್ಟೋಬರಿನ ಮಹಾಪೂರದಲ್ಲಿ ಕಂಡಂತೆ, ಭೀಮೆಯ ದಂಡೆಯ ಊರುಗಳೊಂದಿಗೆ ಸಂಗಮವೂ ನೀರಿನಲ್ಲಿ ಮುಳುಗುತ್ತದೆ; ಅಂಥ ದಿನಗಳಲ್ಲಿ ಬಂದವರು ಮಠದಲ್ಲಿ ಪಾದುಕೆಗಳ ದರ್ಶನ ಪಡೆದು, ಷಟ್ಕೂಲದ ಸ್ನಾನವನ್ನು ನೀರು ಇಳಿಯುವ ದಿನಕ್ಕೆ ಬಿಡಬೇಕಾಗುತ್ತದೆ.